ಸಾಕು ಸರೀಸೃಪಗಳಿಗೆ ನೀಡುವ ಆಹಾರ ಕೀಟಗಳ ಪೋಷಣೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ ಮೊದಲಾದ ವಿದೇಶಿ ಹಲ್ಲಿಗಳನ್ನು ಮನೆಗಳಲ್ಲಿ ಸಾಕುವವರು ನಗರಗಳಲ್ಲಿ ಮಾತ್ರವಲ್ಲದೆ ಸಣ್ಣ ಊರುಗಳಲ್ಲಿಯೂ ಇರಬಹುದು. ಇವುಗಳ ಮುಖ್ಯ ಆಹಾರ ಜೀವಂತ ಕೀಟಗಳು. ಕೀಟಗಳನ್ನು ಹೊಟ್ಟೆ ತುಂಬ ತಿಂದ ಪ್ರಾಣಿಯೂ ಸುಣ್ಣಾಂಶದ ಕೊರತೆಯಿಂದ ಮೂಳೆ ಬಾಗಿ ಸಾಯುವ ಸಂಭವವಿರುತ್ತದೆ. ಕೀಟದ ಹೊಟ್ಟೆಯಲ್ಲಿ ಏನಿದೆಯೋ ಅದೇ ಸಾಕುಪ್ರಾಣಿಗೆ ದೊರೆಯುವುದರಿಂದ, ಕೀಟಕ್ಕೆ ಮೊದಲು ಉತ್ತಮ ಆಹಾರ ನೀಡುವುದು ಅತ್ಯಗತ್ಯ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಯಶವಂತನಗರ ಹಾಗೂ ಸುತ್ತಲಿನ ಪರಿಸ್ಥಿತಿಯನ್ನು ಗಮನದಲ್ಲಿರಿಸಿ ಈ ಮಾಹಿತಿಯನ್ನು ನೀಡಲಾಗಿದೆ.

2. ಕಾನೂನಿನ ಅಂಶಗಳು

ಅ) ಸಂಡೂರು ಬೆಟ್ಟಸಾಲಿನ ಕಾಡುಗಳಲ್ಲಿ ಅಥವಾ ಹೊಲಗಳಲ್ಲಿ ದೊರೆಯುವ ಉಡ, ಗೋಸುಂಬೆ, ನಕ್ಷತ್ರ ಆಮೆ ಮುಂತಾದ ವನ್ಯ ಸರೀಸೃಪಗಳನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ, ಮಾರುವಂತಿಲ್ಲ. ಇವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿಯಲ್ಲಿ ರಕ್ಷಿತವಾಗಿವೆ. ಉಡವು ಅನುಸೂಚಿ 1ರಲ್ಲಿದ್ದು, ಈ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಕಾರಾಗೃಹ ವಾಸ ಹಾಗೂ ಕನಿಷ್ಠ ರೂ. 25,000 ದಂಡ ವಿಧಿಸಬಹುದಾಗಿದೆ.

ಆ) 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿರುವ ವಿದೇಶಿ ಪ್ರಭೇದಗಳನ್ನು ಅಧಿನಿಯಮದ ಅನುಸೂಚಿ 4ಕ್ಕೆ ಸೇರಿಸಲಾಗಿದೆ. ಹಸಿರು ಇಗ್ವಾನ, ಪ್ಯಾಂಥರ್ ಗೋಸುಂಬೆ ಇದಕ್ಕೆ ಉದಾಹರಣೆಗಳು. ಇಂತಹ ಪ್ರಾಣಿಗಳನ್ನು ಹೊಂದಿರುವವರು 2024ರಲ್ಲಿ ಹೊರಡಿಸಲಾದ ನಿಯಮಗಳಂತೆ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಣಿ ಮಾಡಿಸತಕ್ಕದ್ದು.

ಇ) ಸಾಕಲಾಗದ ವಿದೇಶಿ ಪ್ರಾಣಿಯನ್ನು ಕಾಡಿಗೆ ಅಥವಾ ಕೆರೆಗೆ ಬಿಡಬಾರದು. ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.

3. ಕೊರತೆ ಉಂಟಾಗುವ ಬಗೆ

ಪ್ರಾಣಿಯ ಆಹಾರದಲ್ಲಿ ಸುಣ್ಣಾಂಶವು ರಂಜಕದಷ್ಟಾದರೂ ಇರಬೇಕು; ಅದರ ಎರಡು ಪಟ್ಟಿನವರೆಗೆ ಇದ್ದರೆ ಉತ್ತಮ. ಬಹುತೇಕ ಕೀಟಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಒಂದು ಕಿಲೋಗ್ರಾಂ ಹಸಿ ತೂಕದ ಕೀಟಗಳಲ್ಲಿರುವ ಅಂದಾಜು ಪ್ರಮಾಣ ಈ ಕೆಳಕಂಡಂತಿದೆ:

- ಚಿಮ್ಮಂಡೆ: ಸುಣ್ಣಾಂಶ 400 ಮಿ.ಗ್ರಾಂ, ರಂಜಕ 2,950 ಮಿ.ಗ್ರಾಂ
- ಹಿಟ್ಟು ಹುಳು: ಸುಣ್ಣಾಂಶ 170 ಮಿ.ಗ್ರಾಂ, ರಂಜಕ 2,850 ಮಿ.ಗ್ರಾಂ
- ರೇಷ್ಮೆ ಹುಳು: ಸುಣ್ಣಾಂಶ 180 ಮಿ.ಗ್ರಾಂ, ರಂಜಕ 2,370 ಮಿ.ಗ್ರಾಂ
- ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳು: ಸುಣ್ಣಾಂಶ 9,300 ಮಿ.ಗ್ರಾಂ, ರಂಜಕ 3,560 ಮಿ.ಗ್ರಾಂ

ಅಂದರೆ ಚಿಮ್ಮಂಡೆಯಲ್ಲಿ ರಂಜಕವು ಸುಣ್ಣಾಂಶದ ಸುಮಾರು ಏಳು ಪಟ್ಟು, ಹಿಟ್ಟು ಹುಳುವಿನಲ್ಲಿ ಸುಮಾರು ಹದಿನೇಳು ಪಟ್ಟು ಇರುತ್ತದೆ. ಆಹಾರದಲ್ಲಿ ಸಿಗದ ಸುಣ್ಣಾಂಶವನ್ನು ಪ್ರಾಣಿಯ ದೇಹವು ತನ್ನ ಮೂಳೆಗಳಿಂದಲೇ ಪಡೆಯುತ್ತದೆ. ಬೆಳೆಯುವ ಮರಿಗಳು ಹಾಗೂ ಮೊಟ್ಟೆಯಿಡುವ ಹೆಣ್ಣುಗಳು ಬೇಗನೆ ತೊಂದರೆಗೊಳಗಾಗುತ್ತವೆ. ಸೋಲ್ಜರ್ ನೊಣದ ಮರಿಹುಳುವಿನಲ್ಲಿ ಸುಣ್ಣಾಂಶ ಹೆಚ್ಚಿದ್ದರೂ ಅದರ ಬಹುಭಾಗ ಹೊರಕವಚದಲ್ಲಿರುತ್ತದೆ. ಜಗಿಯದೆ ನುಂಗಿದಲ್ಲಿ ಅದು ಪೂರ್ಣವಾಗಿ ಜೀರ್ಣವಾಗದ ಕಾರಣ ಇದೊಂದನ್ನೇ ಅವಲಂಬಿಸುವುದು ಸೂಕ್ತವಲ್ಲ.

4. ಕೀಟಗಳ ನಿತ್ಯದ ಆಹಾರ

ಪಾರ್ಸಲ್ ಮೂಲಕ ದೂರದ ನಗರಗಳಿಂದ ತರಿಸಿದ ಕೀಟಗಳು ತಲುಪುವ ವೇಳೆಗೆ ಅವುಗಳ ಹೊಟ್ಟೆ ಬರಿದಾಗಿರುತ್ತದೆ. ಬಂದ ದಿನವೇ ಅವುಗಳನ್ನು ಸರೀಸೃಪಕ್ಕೆ ಹಾಕಬಾರದು. ಗಾಳಿಯಾಡುವ ಡಬ್ಬಿಯಲ್ಲಿ, ಮೊಟ್ಟೆ ಇಡುವ ಕಾಗದದ ಟ್ರೇಗಳ ನಡುವೆ ಬಿಟ್ಟು ಗೋಧಿ ಬೂಸಾ, ರಾಗಿ ಹಿಟ್ಟು, ಔಷಧ ಬೆರೆಸದ ಕೋಳಿ ಆಹಾರ ನೀಡಬಹುದು. ನೀರಿಗಾಗಿ ಕ್ಯಾರೆಟ್ ಮತ್ತು ಸೌತೆಕಾಯಿ ಹೋಳುಗಳನ್ನು ಇಡುವುದು. ತಟ್ಟೆಯಲ್ಲಿ ನೀರಿಟ್ಟರೆ ಸಣ್ಣ ಚಿಮ್ಮಂಡೆಗಳು ಮುಳುಗಿ ಸಾಯುತ್ತವೆ. ಕ್ಯಾರೆಟ್, ನುಗ್ಗೆ ಸೊಪ್ಪು ಇವು ಕೆರೋಟಿನ್ ಅಂಶವನ್ನೂ ಒದಗಿಸುತ್ತವೆ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣಾಂಶವನ್ನು ಹಿಡಿದಿಡುವುದರಿಂದ ಅದನ್ನು ಹೆಚ್ಚಾಗಿ ಬಳಸಬಾರದು. ಅದಿರು ಲಾರಿಗಳು ಓಡಾಡುವ ರಸ್ತೆ ಬದಿಯ ಗಿಡಗಳಿಂದ ಸೊಪ್ಪು ಕೊಯ್ಯುವುದನ್ನು ಬಿಡುವುದು. ಉಳಿದೆಡೆಯ ಸೊಪ್ಪನ್ನೂ ತೊಳೆದು, ನೀರು ಆರಿಸಿ ಹಾಕುವುದು. ಬೇಸಿಗೆಯಲ್ಲಿ ಡಬ್ಬಿಯನ್ನು ತಗಡಿನ ಛಾವಣಿಯ ಕೆಳಗೆ ಇಡದೆ ತಂಪಾದ ಕಡೆ ಇಡತಕ್ಕದ್ದು.

5. ಸುಣ್ಣಾಂಶ ತುಂಬುವ ಆಹಾರ

ಚಿಮ್ಮಂಡೆಗಳಿಗೆ ಸರೀಸೃಪಕ್ಕೆ ನೀಡುವ ಮುಂಚಿನ 48 ಗಂಟೆಗಳ ಕಾಲ, ಒಣ ತೂಕದಲ್ಲಿ ಸುಮಾರು ಶೇ. 8ರಷ್ಟು ಸುಣ್ಣಾಂಶವಿರುವ ಆಹಾರ ನೀಡುವುದು ಪರಿಣಾಮಕಾರಿ ಎಂದು ಕಂಡುಬಂದಿದೆ. ರಾಗಿಯಲ್ಲಿ ಸುಣ್ಣಾಂಶ ಹೆಚ್ಚೆಂಬುದು ನಿಜವಾದರೂ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 344 ಮಿ.ಗ್ರಾಂ, ಅಂದರೆ ಶೇ. 0.34 ಮಾತ್ರ. ಮೊಟ್ಟೆ ಕೋಳಿಗಳ ಆಹಾರದಲ್ಲಿಯೂ ಶೇ. 3ರಿಂದ 4ರಷ್ಟೇ ಇರುತ್ತದೆ. ಆದುದರಿಂದ ಸುಣ್ಣಾಂಶವನ್ನು ಪ್ರತ್ಯೇಕವಾಗಿ ಬೆರೆಸಬೇಕಾಗುತ್ತದೆ. ಲೆಕ್ಕ ಹೀಗಿದೆ:

- ನುಣ್ಣನೆಯ ರಾಗಿ ಹಿಟ್ಟು 80 ಗ್ರಾಂ: ಸುಣ್ಣಾಂಶ ಸುಮಾರು 0.28 ಗ್ರಾಂ
- ಆಹಾರ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ 20 ಗ್ರಾಂ (ಶೇ. 40 ಸುಣ್ಣಾಂಶ): 8 ಗ್ರಾಂ
- ಒಟ್ಟು 100 ಗ್ರಾಂ ಮಿಶ್ರಣದಲ್ಲಿ: ಸುಮಾರು 8.28 ಗ್ರಾಂ

ಕಾರ್ಬೊನೇಟ್ ದೊರೆಯದಿದ್ದಲ್ಲಿ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ವಸ್ತ್ರಗಾಲಿತ ಪುಡಿ ಮಾಡಿ ಬಳಸಬಹುದು. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಯಾವುದೇ ಕಾರಣಕ್ಕೂ ಬೆರೆಸಬಾರದು. ಅದು ಬಾಯಿ ಮತ್ತು ಕರುಳನ್ನು ಸುಡುತ್ತದೆ. ಈ ಮಿಶ್ರಣವು ಕೀಟದ ನಿತ್ಯದ ಆಹಾರವಲ್ಲ. ಹೆಚ್ಚು ದಿನ ನೀಡಿದರೆ ಕೀಟಗಳೇ ಸಾಯತೊಡಗುತ್ತವೆ. ಎರಡು ದಿನ ಮುಗಿದ ಕೂಡಲೇ ಸರೀಸೃಪಕ್ಕೆ ನೀಡುವುದು. ತಡವಾದರೆ ಕೀಟದ ಹೊಟ್ಟೆ ಮತ್ತೆ ಬರಿದಾಗುತ್ತದೆ.

6. ರೇಷ್ಮೆ ಹುಳು ಬಳಸುವವರಿಗೆ ವಿಶೇಷ ಸೂಚನೆ

ಹಿಪ್ಪುನೇರಳೆ ಸೊಪ್ಪಿನಲ್ಲಿ ಸುಣ್ಣಾಂಶ ಹೇರಳವಾಗಿದೆ. ಆದರೆ ಮೇಲಿನ ಪಟ್ಟಿಯಲ್ಲಿ ಕಾಣುವಂತೆ ಹುಳುವಿನ ದೇಹದಲ್ಲಿ ಅದು ಕಡಿಮೆ. ಲಾಭ ದೊರೆಯುವುದು ಹೊಟ್ಟೆಯಲ್ಲಿ ಸೊಪ್ಪು ಇದ್ದಾಗ ಮಾತ್ರ. ಜ್ವರಕ್ಕೆ ಕುಳಿತ ಹುಳು ಸೊಪ್ಪು ತಿನ್ನುವುದಿಲ್ಲ. ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಹೊಟ್ಟೆಯನ್ನು ಖಾಲಿ ಮಾಡಿಕೊಳ್ಳುತ್ತದೆ. ಈ ಎರಡೂ ಹಂತಗಳನ್ನು ಬಿಟ್ಟು, ಸೊಪ್ಪು ಮೇಯುತ್ತಿರುವ ಹುಳುಗಳನ್ನು ಆರಿಸುವುದು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗ ತಗುಲಿದ ಹುಳುಗಳನ್ನು ಹಾಗೂ ಸೋಂಕುನಿವಾರಕ ಪುಡಿ ಮೆತ್ತಿರುವ ಹುಳುಗಳನ್ನು ನೀಡಬಾರದು.

7. ಗಮನಿಸಬೇಕಾದ ಇತರ ಅಂಶಗಳು

ಅ) ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಹಿಡಿದ ಮಿಡತೆಗಳಲ್ಲಿ ಕೀಟನಾಶಕದ ಶೇಷ ಇರಬಹುದು. ಮಿಂಚುಹುಳು ಬಿಯರ್ಡೆಡ್ ಡ್ರ್ಯಾಗನ್‌ಗೆ ಮಾರಕ ವಿಷ.

ಆ) ಕೀಟದ ಗಾತ್ರವು ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ತಿಂದು ಉಳಿದ ಚಿಮ್ಮಂಡೆಗಳನ್ನು ತೆಗೆಯದಿದ್ದರೆ ಅವು ರಾತ್ರಿ ಪ್ರಾಣಿಯನ್ನೇ ಕಚ್ಚುತ್ತವೆ.

ಇ) ಸುಣ್ಣಾಂಶವನ್ನು ದೇಹ ಹೀರಿಕೊಳ್ಳಲು ಡಿ3 ಜೀವಸತ್ವ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಇದಕ್ಕೆ ಬೇಕಾದ ಯುವಿಬಿ ಕಿರಣಗಳು ಇರುವುದಿಲ್ಲ. ಡಿ3 ಪುಡಿಯ ಅತಿ ಬಳಕೆಯೂ ಅಪಾಯಕಾರಿ. ಪಶುವೈದ್ಯರ ಸಲಹೆಯಂತೆ ಮಾತ್ರ ನೀಡುವುದು.

ಈ) ಹಸಿರು ಇಗ್ವಾನ ಸಸ್ಯಾಹಾರಿಯಾಗಿದ್ದು, ಅದಕ್ಕೆ ಕೀಟಗಳನ್ನು ನೀಡುವಂತಿಲ್ಲ.

ಉ) ಸರೀಸೃಪಗಳಿಂದ ಸಾಲ್ಮೊನೆಲ್ಲ ಸೋಂಕು ಹರಡಬಹುದಾದ್ದರಿಂದ ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯತಕ್ಕದ್ದು. 5 ವರ್ಷದೊಳಗಿನ ಮಕ್ಕಳನ್ನು ದೂರವಿರಿಸುವುದು.

8. ಅಪಾಯದ ಲಕ್ಷಣಗಳು

ದವಡೆ ಮೆತ್ತಗಾಗುವುದು, ಕಾಲುಗಳು ನಡುಗುವುದು, ಬೆನ್ನು ಅಥವಾ ಬಾಲ ಸೊಟ್ಟಗಾಗುವುದು, ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತಲಾಗದಿರುವುದು – ಇವು ಮೂಳೆ ರೋಗದ ಲಕ್ಷಣಗಳು. ಇವುಗಳಲ್ಲಿ ಯಾವುದಾದರೊಂದು ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ತಾಲ್ಲೂಕು ಪಶು ಆಸ್ಪತ್ರೆಗೆ ಕೊಂಡೊಯ್ಯುವುದು. ಆರಂಭದಲ್ಲಿ ಚಿಕಿತ್ಸೆ ದೊರೆತರೆ ಪ್ರಾಣಿ ಚೇತರಿಸಿಕೊಳ್ಳಬಹುದು. ಆದರೆ ಒಮ್ಮೆ ಬಾಗಿದ ಮೂಳೆ ಸಾಮಾನ್ಯವಾಗಿ ಮೊದಲಿನಂತೆ ನೇರವಾಗುವುದಿಲ್ಲ. ಎರಡು ದಿನ ಮುಂಚಿತವಾಗಿ ಕೀಟಗಳಿಗೆ ಸರಿಯಾದ ಆಹಾರ ನೀಡುವ ಅಲ್ಪ ಖರ್ಚಿನ ಕ್ರಮದಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ.