ವಾರದ ಮನೆಯಿಂದ ಕೌನ್ಸೆಲಿಂಗ್ ಕೋಣೆಗೆ

‘ವಾರಾನ್ನ’ ಎಂಬುದು ಇಂದಿನ ಹೈಸ್ಕೂಲು ಹುಡುಗರಿಗೆ ಅರ್ಥ ಬಿಡಿಸಿ ಹೇಳಬೇಕಾದ ಮಾತು. ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಹೆಡ್‌ಮಾಸ್ಟರ ಮನೆ ಎಂದು ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು, ಅಲ್ಲಿ ಉಂಡು, ಯಾವುದೋ ಛತ್ರದ ಜಗಲಿಯಲ್ಲಿ ಮಲಗಿ, ಹಳ್ಳಿಯ ಬಡ ಹುಡುಗ ಪಟ್ಟಣದಲ್ಲಿ ಓದು ಮುಗಿಸುತ್ತಿದ್ದ ಪದ್ಧತಿ ಅದು. ಏಳನೆಯ ಮನೆ ಸಿಗದವನಿಗೆ ವಾರಕ್ಕೊಂದು ಏಕಾದಶಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಓದಿ ಮೇಲೆ ಬಂದ ಅನೇಕ ಕನ್ನಡಿಗರ ಜೀವನಕಥೆಗಳಲ್ಲಿ ಈ ವಾರದ ಮನೆಗಳು ಬರುತ್ತವೆ.

ಮಕ್ಕಳನ್ನು ಪರೀಕ್ಷೆಗೆ ಸಿದ್ಧಗೊಳಿಸುವುದೆಂದರೆ ಈಗ ನೆನಪಾಗುವುದು ಟ್ಯೂಷನ್, ಗೈಡು, ಮಾದರಿ ಪ್ರಶ್ನೆಪತ್ರಿಕೆ. ಆದರೆ ಈ ನಾಡಿನಲ್ಲಿ ಅದರ ಚರಿತ್ರೆ ಆರಂಭವಾಗುವುದು ಪಾಠದಿಂದಲ್ಲ, ಊಟದಿಂದ. ಊಟ ಹಾಕಿದವರೇ ಎಷ್ಟೋ ಸಲ ‘ಮುಂದೇನು’ ಎಂಬುದನ್ನೂ ಹೇಳುತ್ತಿದ್ದರು. ಆ ಊಟ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರ ಮೇಲೆ ಮುಂದಿನ ನೂರು ವರ್ಷಗಳ ಬಹಳಷ್ಟು ಸಂಗತಿಗಳು ನಿಂತಿವೆ.

1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವುಗಳ ಮುಖ್ಯ ಕೆಲಸ ಪಾಠ ಹೇಳುವುದಾಗಿರಲಿಲ್ಲ, ಪರೀಕ್ಷೆ ನಡೆಸುವುದಾಗಿತ್ತು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲವಾದ್ದರಿಂದ ಪರೀಕ್ಷೆಯೂ ಹಂಚಿಹೋಯಿತು. ಮೈಸೂರು ಸಂಸ್ಥಾನ, ಮಂಗಳೂರು, ಬಳ್ಳಾರಿಯ ಹುಡುಗರು ಮದ್ರಾಸಿನ ಮೆಟ್ರಿಕ್ಯುಲೇಷನ್ನಿಗೆ ಕೂತರೆ, ಧಾರವಾಡ, ಬೆಳಗಾವಿಯವರು ಮುಂಬಯಿಯದಕ್ಕೆ ಕೂರಬೇಕಿತ್ತು. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ನಿಜಾಮರ ಆಡಳಿತದಲ್ಲಿದ್ದ ಕಲಬುರ್ಗಿ, ರಾಯಚೂರಿನ ಹುಡುಗರ ಪಾಡು ಇನ್ನೂ ವಿಚಿತ್ರ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದ್ದು. ಇಂಗ್ಲಿಷಿನ ಭಯದ ಜಾಗದಲ್ಲಿ ಅಲ್ಲಿ ಉರ್ದುವಿನ ಭಯವಿತ್ತು.

ಮೆಟ್ರಿಕ್ ಪಾಸಾದರೆ ಸರ್ಕಾರಿ ಗುಮಾಸ್ತಿಕೆ ಬಹುಮಟ್ಟಿಗೆ ಖಚಿತ ಎಂಬ ನಂಬಿಕೆಯಿತ್ತು. ಫೇಲಾದವನಿಗೂ ಊರಿನಲ್ಲಿ ಒಂದು ಮರ್ಯಾದೆ, ಪರೀಕ್ಷೆಯವರೆಗೆ ಹೋಗಿದ್ದನಲ್ಲ ಎಂದು! ಮೆಟ್ರಿಕ್ ದಾಟಲಾಗದೆ ಓದು ನಿಲ್ಲಿಸಿದ ಡಿ.ವಿ. ಗುಂಡಪ್ಪನವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟ್ ಕೊಟ್ಟಿತು. ಅಂಥ ಅದೃಷ್ಟ ಎಲ್ಲ ಫೇಲಾದವರದಲ್ಲ. ಹೈಸ್ಕೂಲುಗಳು ಇದ್ದದ್ದು ದೊಡ್ಡ ಊರುಗಳಲ್ಲಿ ಮಾತ್ರ. ಹೀಗಾಗಿ ಹನ್ನೆರಡು, ಹದಿಮೂರರ ಹುಡುಗ ಮನೆ ಬಿಡಲೇಬೇಕಿತ್ತು. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚು ನೋಡಿಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದ ಅವರನ್ನು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಬೀದಿದೀಪದ ಕೆಳಗೆ ಓದಿದ ಕಥೆ ನಮ್ಮ ದೊಡ್ಡವರಲ್ಲಿ ಯಾರನ್ನೂ ಬಿಟ್ಟಿಲ್ಲ. ಆದರೆ ಎಣ್ಣೆಯ ಕಾಸಿಗೂ ಲೆಕ್ಕ ಹಾಕುವ ಮನೆಗಳಿಂದ ಅವರು ಬಂದಿದ್ದರೆಂಬುದು ಕಥೆಯಲ್ಲ.

ವಾರದ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ಅನುಕೂಲವಾಗಿತ್ತು. ಕಾರಣ ಬರಿಯ ಮಡಿಯಲ್ಲ. ಊಟ ಹಾಕಲು ಪಟ್ಟಣದಲ್ಲಿ ತಮ್ಮವರ ಮನೆ ಇರಬೇಕು. ಮನೆ ಇರಬೇಕಾದರೆ ತಮ್ಮವರಲ್ಲಿ ವಕೀಲರು, ಅಮಲ್ದಾರರು ಆಗಿರಬೇಕು. ಅವರು ಆಗಬೇಕಾದರೆ ಮೊದಲು ಯಾರಾದರೂ ಮೆಟ್ರಿಕ್ ಪಾಸಾಗಿರಬೇಕು. ಬೇಸಾಯಗಾರರ ಮಕ್ಕಳು ಈ ಸುತ್ತಿನ ಹೊರಗೇ ಉಳಿದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಶಾಲೆಯ ಬಾಗಿಲೇ ಮುಚ್ಚಿತ್ತು. ಮಂಗಳೂರಿನಲ್ಲಿ ವಕೀಲ ಕುದ್ಮುಲ್ ರಂಗರಾಯರು ಆ ಮಕ್ಕಳಿಗಾಗಿ ಶಾಲೆ ತೆರೆದು ತಮ್ಮ ಜಾತಿಯವರಿಂದಲೇ ಬಹಿಷ್ಕಾರಕ್ಕೆ ಒಳಗಾದರು. ಹೆಣ್ಣು ಮಕ್ಕಳಿಗೆ ವಾರಾನ್ನದ ಮಾತೇ ಇಲ್ಲ. ಮೈಸೂರಿನ ಮಹಾರಾಣಿ ಶಾಲೆಯಂಥವು ಇದ್ದರೂ ಓದಿದವರಲ್ಲಿ ಹೆಚ್ಚಿನವರು ಪಟ್ಟಣದಲ್ಲೇ ಮನೆಯಿದ್ದವರು.

ಈ ಸುತ್ತನ್ನು ಮುರಿದದ್ದು ಹಾಸ್ಟೆಲು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರದಲ್ಲಿ ಪ್ರಯಾಣಿಕರ ಜೊತೆಗೆ ವಿದ್ಯಾರ್ಥಿಗಳಿಗೂ ಜಾಗ ದೊರೆಯಿತು. 1905ರಲ್ಲಿ ಮೈಸೂರು ಲಿಂಗಾಯತ ಎಜುಕೇಷನ್ ಫಂಡ್ ಅಸೋಸಿಯೇಷನ್, 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾದವು. ಇವನ್ನು ಇಂದು ರಾಜಕೀಯದ ಕಣ್ಣಿನಿಂದಲೇ ನೋಡುವುದು ರೂಢಿಯಾಗಿದೆ. ಆದರೆ ಅವು ಮೊದಲು ಕೈಹಾಕಿದ್ದು ಹಳ್ಳಿಯಿಂದ ಬಂದ ಹುಡುಗನಿಗೆ ಮಲಗಲು ಜಾಗ, ಉಣ್ಣಲು ಮುದ್ದೆ, ಕಟ್ಟಲು ಫೀಸು ಒದಗಿಸುವ ಕೆಲಸಕ್ಕೆ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಜನರೂ ಶಿಕ್ಷಕರೇ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳಲ್ಲಿ ದಾಸೋಹವೇ ವಿದ್ಯಾರ್ಥಿ ನಿಲಯವಾಯಿತು. ತೋಟದಪ್ಪನವರ ಛತ್ರದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶಿವಣ್ಣ ಎಂಬ ಯುವಕ 1930ರಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾಗಿ, ಅನ್ಯರ ಮನೆಯ ಸಾವಿರಾರು ಮಕ್ಕಳಿಗೆ ಊಟ ಹಾಕಿದರು. ಅಲ್ಲಿಗೆ ಎಲ್ಲ ಜಾತಿಯ ಮಕ್ಕಳೂ ಬಂದರು.

ಸರ್ಕಾರವೂ ಸುಮ್ಮನಿರಲಾಗಲಿಲ್ಲ. 1918ರಲ್ಲಿ ಬ್ರಾಹ್ಮಣೇತರ ಮುಖಂಡರ ಮನವಿಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಮರುವರ್ಷ ಬಂದ ವರದಿ ನೌಕರಿಯಲ್ಲಿ ಪಾಲು ಕೇಳಿದ್ದಕ್ಕಾಗಿ ಪ್ರಸಿದ್ಧವಾಗಿದೆ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕೆಂದು ಅದು ಹೇಳಿದ್ದನ್ನು ನೆನೆಯುವವರು ಕಡಿಮೆ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಸಮಿತಿಯ ಹಾದಿ ಒಪ್ಪಿಗೆಯಾಗಲಿಲ್ಲ. ಅವರು 1918ರ ಕೊನೆಗೆ ಅಧಿಕಾರ ಬಿಡಲು ಇದೂ ಒಂದು ಕಾರಣವೆನ್ನುತ್ತಾರೆ. ಪಾಠ ಹೇಳಿ ಓದಿದ, ವಿದ್ಯಾರ್ಥಿವೇತನದಿಂದ ಎಂಜಿನಿಯರಾದ ವ್ಯಕ್ತಿಗೆ ಪ್ರತಿಭೆಯೊಂದೇ ಅಳತೆಗೋಲಾಗಿ ಕಂಡದ್ದು ಸಹಜವಿರಬಹುದು. ಆ ಪಾಠ ಹೇಳುವ ಅವಕಾಶವೂ ಎಲ್ಲರಿಗೆ ಇರಲಿಲ್ಲವೆಂಬುದು ಮನವಿ ಕೊಟ್ಟವರ ವಾದವಾಗಬಹುದಿತ್ತು.

ಊಟ, ಜಾಗ ಸಿಕ್ಕ ಮೇಲೆ ಉಳಿಯುವ ಪ್ರಶ್ನೆ ಮುಂದೇನು ಎಂಬುದು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕೆ.ವಿ. ಪುಟ್ಟಪ್ಪನವರು ಮೊದಲು ಬರೆಯುತ್ತಿದ್ದುದು ಇಂಗ್ಲಿಷ್ ಕವಿತೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಿರಿ ಎಂದರು. ಬಿ.ಎ.ಗೆ ತತ್ತ್ವಶಾಸ್ತ್ರ ಓದಿದ್ದ ಪುಟ್ಟಪ್ಪನವರನ್ನು, ಆಗಷ್ಟೇ ತೆರೆದಿದ್ದ ಕನ್ನಡ ಎಂ.ಎ. ತರಗತಿಗೆ ಒಲಿಸಿದವರು ಟಿ.ಎಸ್. ವೆಂಕಣ್ಣಯ್ಯ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ಬಡ ಹುಡುಗನಿಗೆ ಕನ್ನಡ ಎಂ.ಎ. ಓದಿದರೆ ನೌಕರಿ ಸಿಗುವ ಖಾತರಿ ಆಗ ಏನೇನೂ ಇರಲಿಲ್ಲ. ಹೇಳಿದವರು ಹುಡುಗನನ್ನು ಬಲ್ಲವರು ಎಂಬುದೇ ಆ ಸಲಹೆಗಿದ್ದ ಬೆಲೆ.

ಸ್ವಾತಂತ್ರ್ಯಾನಂತರ ಹಾಸ್ಟೆಲು ಸರ್ಕಾರದ ಹೊಣೆಯಾಯಿತು. ದೇವರಾಜ ಅರಸು ಮುಖ್ಯಮಂತ್ರಿಯಾದ 1972ರಲ್ಲೇ ನೇಮಕಗೊಂಡ ಎಲ್.ಜಿ. ಹಾವನೂರ್ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಆ ದಶಕದಲ್ಲಿ ತಾಲ್ಲೂಕು ಊರುಗಳಿಗೂ ಹಿಂದುಳಿದ ವರ್ಗಗಳ ಹಾಸ್ಟೆಲು ಬಂತು. ತಿಗಣೆ, ನೀರು ಸಾರು, ಒಂದು ಕೋಣೆಗೆ ಹತ್ತು ಹುಡುಗರು, ಇವೆಲ್ಲ ಸರಿಯೇ. ಆದರೆ ಮೇಲಿನ ತರಗತಿಯವನು ಕೆಳಗಿನವನಿಗೆ ಬೀಜಗಣಿತ ಹೇಳಿಕೊಡುತ್ತಿದ್ದ, ತನ್ನ ಪುಸ್ತಕ ಅರ್ಧ ಬೆಲೆಗೆ ಕೊಡುತ್ತಿದ್ದ, ಯಾವ ಅರ್ಜಿಗೆ ಯಾವ ಕಚೇರಿ ಎಂದು ತೋರಿಸುತ್ತಿದ್ದ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಬೆಂಗಳೂರು ಶ್ರೀರಾಮಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿಗೆ ಇರುವ ಜಾಗ ನೋಡಿದರೆ ಇದು ತಿಳಿಯುತ್ತದೆ.

ಆ ಹೊತ್ತಿಗೆ ಗುರಿಗಳೂ ಬದಲಾಗಿದ್ದವು. ಗುಮಾಸ್ತಿಕೆಯ ಬದಲು ಎಂಜಿನಿಯರಿಂಗ್, ಮೆಡಿಕಲ್. ಖಾಸಗಿ ಕಾಲೇಜುಗಳ ವಂತಿಗೆ ಹಾವಳಿ ತಡೆಯಲು ರಾಜ್ಯ 1984ರಲ್ಲಿ ಕಾಯ್ದೆ ತಂದಿತು. 1989ರ ಅಧಿಸೂಚನೆಯಂತೆ ಮೆಡಿಕಲ್‌ನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ರಾಜ್ಯದವರಿಗೆ 25,000, ಹೊರಗಿನವರಿಗೆ 60,000ದವರೆಗೆ ಶುಲ್ಕ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ವಂತಿಗೆ ಸಲ್ಲದೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಸೀಟುಗಳನ್ನೂ ಅರ್ಹತೆಯ ಮೇಲೆ ಹಂಚಬೇಕೆಂದಿತು. 1994ರಲ್ಲಿ ಸಿಇಟಿ ಬಂತು. ಗ್ರಾಮೀಣರಿಗೆ, ಕನ್ನಡ ಮಾಧ್ಯಮದವರಿಗೆ ಮೀಸಲು ಸೀಟುಗಳೂ ಸಿಕ್ಕವು. ದುಡ್ಡಿಲ್ಲದ ಮನೆಯ ಮಕ್ಕಳು ಎಂಜಿನಿಯರಾದದ್ದರಲ್ಲಿ ಈ ಪರೀಕ್ಷೆಯ ಪಾಲು ದೊಡ್ಡದು.

ಅದರೊಂದಿಗೆ ‘ಕೌನ್ಸೆಲಿಂಗ್’ ಎಂಬ ಪದವೂ ಹಳ್ಳಿಗಳನ್ನು ತಲುಪಿತು. ಸಲಹೆ ಹೇಳುವುದೆಂದು ಅದರ ಮೂಲ ಅರ್ಥ. ಕರ್ನಾಟಕದಲ್ಲಿ ಅದು ಸೀಟು ಆರಿಸುವುದೆಂದಾಯಿತು. ರ‍್ಯಾಂಕಿನ ಸರದಿ ಬಂದಾಗ ಹುಡುಗ ಅಪ್ಪನೊಡನೆ ಬೆಂಗಳೂರಿಗೆ ಬಂದು, ಪರದೆಯ ಮೇಲೆ ಉಳಿದ ಸೀಟುಗಳನ್ನು ನೋಡಿ, ಕೆಲವೇ ನಿಮಿಷಗಳಲ್ಲಿ ತೀರ್ಮಾನ ಹೇಳಬೇಕು. ಮುಂದೆ ಎಲ್ಲವೂ ಆನ್‌ಲೈನ್ ಆಯಿತು. ಮೆಡಿಕಲ್ ಸೀಟು ನೀಟ್ ಪರೀಕ್ಷೆಗೆ ಹೋಯಿತು. ಎಂಜಿನಿಯರಿಂಗಿಗೆ ಸಿಇಟಿ ಉಳಿಯಿತು. ಈಗ ತಾಲ್ಲೂಕು ಊರಿನ ಸೈಬರ್ ಅಂಗಡಿಯಲ್ಲಿ ಆಯ್ಕೆಯ ಪಟ್ಟಿ ತುಂಬುತ್ತದೆ. ಯಾವ ಕಾಲೇಜನ್ನು ಮೊದಲು ಹಾಕಲಿ ಎಂದು ಹುಡುಗ ಕೇಳುವುದು ಕಂಪ್ಯೂಟರ್ ಮುಂದೆ ಕೂತ ಅಂಗಡಿಯವನನ್ನು. ಅವನೂ ತನಗೆ ತಿಳಿದಷ್ಟು ಹೇಳುತ್ತಾನೆ, ಹೊರಗೆ ಸರದಿ ಬೆಳೆಯುತ್ತಿರುತ್ತದೆ.