ಸ್ಥಳೀಯ ಇತಿಹಾಸ ಸಂಗ್ರಹಾಲಯಗಳು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಒಂದು ಊರಿನ ಅಥವಾ ಹೋಬಳಿಯ ಹಳೆಯ ವಸ್ತುಗಳು, ಕಾಗದಪತ್ರಗಳು, ಛಾಯಾಚಿತ್ರಗಳು ಹಾಗೂ ಹಿರಿಯರ ನೆನಪುಗಳನ್ನು ಅದೇ ಊರಿನ ನಿವಾಸಿಗಳು ಸಂಭಾವನೆಯಿಲ್ಲದೆ ಸಂಗ್ರಹಿಸಿ, ಕಾಪಾಡಿ, ಸಾರ್ವಜನಿಕರಿಗೆ ತೋರಿಸುವ ವ್ಯವಸ್ಥೆಯೇ ಸ್ಥಳೀಯ ಇತಿಹಾಸ ಸಂಗ್ರಹಾಲಯ. ಇದಕ್ಕೆ ದೊಡ್ಡ ಕಟ್ಟಡದ ಅಗತ್ಯವಿಲ್ಲ. ಶಾಲೆಯ ಒಂದು ಕೊಠಡಿ, ಗ್ರಂಥಾಲಯದ ಒಂದು ಭಾಗ ಅಥವಾ ಬಳಕೆಯಲ್ಲಿಲ್ಲದ ಚಾವಡಿ ಸಾಕಾಗುತ್ತದೆ. ಗಾಜಿನ ಕಪಾಟು ನಂತರವೂ ಬರಬಹುದು; ಪ್ರತಿ ವಸ್ತುವು ಎಲ್ಲಿ, ಯಾರಿಂದ, ಯಾವಾಗ ದೊರೆಯಿತೆಂದು ಬರೆದಿಡುವ ದಾಖಲು ವಹಿ ಮಾತ್ರ ಮೊದಲ ದಿನದಿಂದಲೇ ಇರತಕ್ಕದ್ದು. ಇಂತಹ ಸಂಗ್ರಹಾಲಯ ಸ್ಥಾಪಿಸಬಯಸುವ, ಈಗಾಗಲೇ ನಡೆಸುತ್ತಿರುವ ಅಥವಾ ತಮ್ಮಲ್ಲಿರುವ ಹಳೆಯ ವಸ್ತುವನ್ನು ಅಲ್ಲಿಗೆ ನೀಡಬಯಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ದೊರೆತ ಸ್ಥಳದ ಮಹತ್ವ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ತಾಮ್ರಪಟಗಳು ಈ ವಿಷಯಕ್ಕೆ ಉತ್ತಮ ನಿದರ್ಶನ. ಎಂಟು ಹಲಗೆಗಳ ಈ ಶಾಸನವು ಪಲ್ಲವ ದೊರೆ ಶಿವಸ್ಕಂದವರ್ಮನದು, ಕಾಂಚೀಪುರದಿಂದ ಹೊರಟದ್ದು, ಭಾಷೆ ಪ್ರಾಕೃತ, ಕಾಲ ಸುಮಾರು ಕ್ರಿ.ಶ. 4ನೆಯ ಶತಮಾನ. ವಿದ್ವಾಂಸ ಜಾರ್ಜ್ ಬ್ಯೂಲರ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಇದರಲ್ಲಿ 'ಸಾತಾಹನಿ ರಟ್ಠ' ಎಂಬ ನಾಡಿನ ಹೆಸರು ಬರುತ್ತದೆ. ಅಂದಿನ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಆದವಾನಿ ಸೀಮೆಯ ಮ್ಯಾಕದೋಣಿಯ ಬಂಡೆಗಲ್ಲಿನ ಶಾಸನದಲ್ಲಿಯೂ ಇದೇ ಬಗೆಯ ಹೆಸರು ಕಂಡುಬಂದುದರಿಂದ, ಶಾತವಾಹನರ ಮೂಲ ನೆಲೆ ಬಳ್ಳಾರಿ ಸೀಮೆಯೇ ಎಂದು ವಿ.ಎಸ್. ಸುಕ್ತಂಕರ್ ಅವರು ವಾದಿಸಿದರು. ಈ ವಾದವನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಆದರೆ ಇಂತಹದೊಂದು ಚರ್ಚೆ ಸಾಧ್ಯವಾದದ್ದು, ಆ ಪಟಗಳು ದೊರೆತ ಊರು ಯಾವುದೆಂದು ದಾಖಲಾಗಿದ್ದುದರಿಂದ. ಊರಿನ ಹೆಸರು ತಪ್ಪಿಹೋಗಿದ್ದರೆ, ಓದಬಲ್ಲ ಶಾಸನ ಉಳಿಯುತ್ತಿತ್ತು; ಈ ನಾಡಿಗೆ ಅದು ಸಾಕ್ಷಿಯಾಗುತ್ತಿರಲಿಲ್ಲ.

ಇದೇ ಮಾತು ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹಕ್ಕೂ ಅನ್ವಯಿಸುತ್ತದೆ. ಭೂವಿಜ್ಞಾನ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಫೂಟ್ (1834–1912) ಅವರು ಬಳ್ಳಾರಿ ಜಿಲ್ಲೆಯಲ್ಲಿ ಸಂಚರಿಸಿ ಆಯ್ದ ಕಲ್ಲಿನ ಕೊಡಲಿ ಮುಂತಾದ ಆಯುಧಗಳನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ವಸ್ತುಗಳು ಜಿಲ್ಲೆಯಿಂದ ದೂರ ಹೋದವು. ಆದರೂ ಫೂಟ್ ಅವರು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ದೊರೆತ ಸ್ಥಳದ ಹೆಸರಿನೊಡನೆ ಪಟ್ಟಿ ಮಾಡಿದ್ದರಿಂದ ಅವು ಇಂದಿಗೂ ಸಂಶೋಧಕರಿಗೆ ಉಪಯುಕ್ತವಾಗಿವೆ. ಇತ್ತೀಚಿನ ವರ್ಷಗಳಲ್ಲಿ, ಪುರಾತತ್ವಜ್ಞ ಪ್ರೊ. ರವಿ ಕೊರಿಸೆಟ್ಟರ್ ಅವರ ಪ್ರಯತ್ನದಿಂದ ಹಾಗೂ ಜಿಲ್ಲಾಡಳಿತದ ಸಹಕಾರದಿಂದ, ಬಳ್ಳಾರಿ ನಗರದಲ್ಲಿ ಫೂಟ್ ಅವರ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವು ರೂಪುಗೊಂಡಿದೆ. ಈ ಐದು ತಾಲ್ಲೂಕುಗಳ ಆಸಕ್ತರು ತಮ್ಮ ಕೆಲಸ ಆರಂಭಿಸುವ ಮೊದಲು ಅದನ್ನೊಮ್ಮೆ ನೋಡಿಬರುವುದು ಪ್ರಯೋಜನಕಾರಿ.

ದಾಖಲು ವಹಿಯಲ್ಲಿ ವಸ್ತುವಿನ ಕ್ರಮಸಂಖ್ಯೆ, ಊರಿನವರು ಅದನ್ನು ಕರೆಯುವ ಹೆಸರು, ಅಳತೆ, ದೊರೆತ ಸ್ಥಳ, ನೀಡಿದವರ ಹೆಸರು ಮತ್ತು ಸಹಿ, ದಾನವೋ ಎರವಲೋ ಎಂಬ ವಿವರ ಹಾಗೂ ದಿನಾಂಕ ಇರತಕ್ಕದ್ದು. ಸ್ಥಳವನ್ನು 'ಹೊಲದಲ್ಲಿ' ಎಂದು ಬರೆದರೆ ಸಾಲದು. ಗ್ರಾಮ, ಸರ್ವೆ ನಂಬರು ಮತ್ತು ಹತ್ತಿರದ ಗುರುತನ್ನು ನಮೂದಿಸುವುದು ಅವಶ್ಯ. ಬಳಕೆಯ ಹೆಸರನ್ನು ಪುಸ್ತಕದ ಭಾಷೆಗೆ ಬದಲಾಯಿಸಬಾರದು. ಹಗೇವು, ಕೂರಿಗೆ, ಕಪಿಲೆ, ಕೊಳಗ, ಕೌದಿ ಎಂಬ ಮಾತುಗಳು ವಸ್ತುವಿನಷ್ಟೇ ಸಂಗ್ರಹಯೋಗ್ಯವಾದವು. ಎರವಲು ಪಡೆದ ವಸ್ತುವಿಗೆ ಕಡ್ಡಾಯವಾಗಿ ರಸೀದಿ ನೀಡತಕ್ಕದ್ದು. ಅಜ್ಜನ ಕಾಲದ ಖಡ್ಗವನ್ನೋ ಬಯಲಾಟದ ಭುಜಕೀರ್ತಿಯನ್ನೋ ಬಾಯಿಮಾತಿನ ಮೇಲೆ ಕೊಟ್ಟ ಮನೆಯವರಿಗೂ ಸಂಗ್ರಹಾಲಯಕ್ಕೂ ಮುಂದಿನ ತಲೆಮಾರಿನಲ್ಲಿ ವ್ಯಾಜ್ಯ ಬರುವುದು ಅಪರೂಪವಲ್ಲ.

ತರಬಹುದಾದವು, ತರಬಾರದವು

ಈ ತಾಲ್ಲೂಕುಗಳ ಇತಿಹಾಸದ ಬಹುಪಾಲು ಬಯಲಿನಲ್ಲಿಯೇ ಇದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ, ನೀಲಗುಂದದ ಭೀಮೇಶ್ವರ ದೇವಾಲಯ ಮತ್ತು ಉಚ್ಚಂಗಿದುರ್ಗ, ಹೂವಿನಹಡಗಲಿ ತಾಲ್ಲೂಕಿನ ಮಾಗಳ ಮತ್ತು ಹಿರೇಹಡಗಲಿಯ ದೇವಾಲಯಗಳು, ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯ, ಕೋಗಳಿ ಐನೂರು ನಾಡಿಗೆ ಹೆಸರು ಕೊಟ್ಟ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಜೈನ ಬಸದಿ, ಅಂಬಳಿಯ ಕಲ್ಲೇಶ್ವರ, ಗುಡೇಕೋಟೆ ಮತ್ತು ಜರಿಮಲೆಯ ಪಾಳೆಯಗಾರರ ನೆಲೆಗಳು ಪ್ರಸಿದ್ಧವಾದವು. ಕೂಡ್ಲಿಗಿ ಪಟ್ಟಣದಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಬಾಗಳಿಯೊಂದರಲ್ಲಿಯೇ 30ಕ್ಕೂ ಹೆಚ್ಚು ಶಾಸನಗಳು ದೊರೆತಿವೆ.

ಇವುಗಳಲ್ಲಿ ಹಲವು ಸಂರಕ್ಷಿತ ಸ್ಮಾರಕಗಳು. ಅವುಗಳ ಆವರಣದಿಂದ, ಒಡೆದು ಬಿದ್ದ ಶಿಲ್ಪದ ತುಂಡನ್ನೂ ಒಳಗೊಂಡಂತೆ, ಯಾವುದನ್ನೂ ತೆಗೆಯುವಂತಿಲ್ಲ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ವೀರಗಲ್ಲು, ಮಾಸ್ತಿಗಲ್ಲು ಮತ್ತು ಶಾಸನಕಲ್ಲುಗಳ ವಿಷಯದಲ್ಲಿ ಊರಿನವರಿಗೆ ಸಹಜವಾಗಿ ಗೊಂದಲವುಂಟಾಗುತ್ತದೆ. ದಾನಶಾಸನವು ಹಲವೆಡೆ ದಾನ ಕೊಟ್ಟ ಭೂಮಿಯ ಅಂಚಿನಲ್ಲಿಯೇ ನಿಂತಿರುತ್ತದೆ. ವೀರಗಲ್ಲು ಕಾಳಗ ನಡೆದ ಅಥವಾ ವೀರನ ಊರಿನ ಎಲ್ಲೆಯನ್ನು ಸೂಚಿಸುತ್ತಿರಬಹುದು. ಆದ್ದರಿಂದ ನಿಂತ ಕಲ್ಲನ್ನು ನಿಂತಲ್ಲಿಯೇ ಬಿಟ್ಟು, ಅದರ ಛಾಯಾಚಿತ್ರ ಮತ್ತು ವಿವರವನ್ನು ಸಂಗ್ರಹಾಲಯದಲ್ಲಿ ಇಡುವುದೇ ಸರಿಯಾದ ಕ್ರಮ. ರಸ್ತೆ ಅಗಲೀಕರಣ, ಕಾಲುವೆ ಅಥವಾ ಕಟ್ಟಡ ಕಾಮಗಾರಿಯಿಂದ ಕಲ್ಲಿಗೆ ಅಪಾಯವಿದ್ದಲ್ಲಿ ಮಾತ್ರ ತಹಶೀಲ್ದಾರರಿಗೂ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಲಿಖಿತವಾಗಿ ತಿಳಿಸಿ, ಅನುಮತಿ ದೊರೆತ ನಂತರ ಸ್ಥಳಾಂತರಿಸತಕ್ಕದ್ದು. ಚರಂಡಿಗೆ ಹಾಸಿದ ಅಥವಾ ಬಟ್ಟೆ ಒಗೆಯಲು ಬಳಕೆಯಾಗುತ್ತಿರುವ ಶಾಸನಕಲ್ಲಿನ ಬಗ್ಗೆಯೂ ಇದೇ ರೀತಿ ಮನವಿ ಸಲ್ಲಿಸಬಹುದು.

ಪೂಜೆಯಲ್ಲಿರುವ ವಸ್ತುಗಳನ್ನು ಕೇಳಬಾರದು. ಕೂಡ್ಲಿಗಿ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳಿಗೆ ಸಂಬಂಧಿಸಿದ ಪರಿಕರಗಳು, ಮೈಲಾರದ ಗೊರವರ ಸಲಕರಣೆಗಳು, ತಾಂಡಾಗಳ ಲಂಬಾಣಿ ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುವ ಕಸೂತಿಯ ಉಡುಪುಗಳು ಇವೆಲ್ಲ ಇಂದಿಗೂ ಬದುಕಿನ ಭಾಗವಾಗಿವೆ. ಒಪ್ಪಿಗೆಯಿದ್ದಲ್ಲಿ ಛಾಯಾಚಿತ್ರ ಪಡೆಯಬಹುದು; ಹಬ್ಬದ ದಿನಗಳಿಗೆ ಮರಳಿಸುವ ಷರತ್ತಿನ ಮೇಲೆ ಕೆಲವರು ಎರವಲು ಕೊಡಲೂಬಹುದು.

ಅನ್ವಯಿಸುವ ಕಾಯ್ದೆಗಳು

ಹಳೆಯ ವಸ್ತುವಿನ ಬಗ್ಗೆ ಸರ್ಕಾರಕ್ಕೆ ತಿಳಿಸಿದರೆ ಅದು ಕೈತಪ್ಪುತ್ತದೆಂಬ ಭಯದಿಂದ ಅನೇಕರು ಮೌನವಾಗಿರುತ್ತಾರೆ. ಈ ಭಯ ಭಾಗಶಃ ಮಾತ್ರ ಸರಿ.

ಪ್ರಾಚೀನ ವಸ್ತುಗಳು ಮತ್ತು ಕಲಾ ನಿಕ್ಷೇಪಗಳ ಕಾಯ್ದೆ, 1972ರ ಪ್ರಕಾರ 100 ವರ್ಷಕ್ಕಿಂತ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಮೊದಲಾದವು ಪ್ರಾಚೀನ ವಸ್ತುಗಳು. ಐತಿಹಾಸಿಕ, ಸಾಹಿತ್ಯಿಕ ಅಥವಾ ವೈಜ್ಞಾನಿಕ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಅವಧಿ 75 ವರ್ಷ. ಇವುಗಳ ಪೈಕಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ವರ್ಗದವು, ಮುಖ್ಯವಾಗಿ ಕಲ್ಲು, ಲೋಹ, ಸುಟ್ಟ ಮಣ್ಣು, ದಂತ ಹಾಗೂ ಮರದ ಶಿಲ್ಪಗಳು, ಚಿತ್ರಗಳು ಮತ್ತು ಚಿತ್ರಸಹಿತ ಹಸ್ತಪ್ರತಿಗಳು, ಖಾಸಗಿ ವ್ಯಕ್ತಿಯ ಅಥವಾ ಸಂಘದ ಬಳಿ ಇದ್ದಲ್ಲಿ ನೋಂದಣಾಧಿಕಾರಿಯವರಲ್ಲಿ ನೋಂದಾಯಿಸತಕ್ಕದ್ದು. ಅರ್ಜಿಯನ್ನು ನಿಗದಿತ ನಮೂನೆಯಲ್ಲಿ ಛಾಯಾಚಿತ್ರಗಳೊಂದಿಗೆ ಸಲ್ಲಿಸಬೇಕು. ನೋಂದಣಿಯಿಂದ ಒಡೆತನ ಸರ್ಕಾರಕ್ಕೆ ಹೋಗುವುದಿಲ್ಲ. ವಸ್ತು ಕಳುವಾದಲ್ಲಿ ಅದು ತಮ್ಮದೆಂದು ತೋರಿಸಲು ಇದೇ ಆಧಾರವಾಗುತ್ತದೆ. ನೋಂದಾಯಿತ ವಸ್ತುವನ್ನು ಮನೆತನದವರು ಸಂಗ್ರಹಾಲಯಕ್ಕೆ ಹಸ್ತಾಂತರಿಸಿದಾಗ ಆ ವಿಷಯವನ್ನೂ ನೋಂದಣಾಧಿಕಾರಿಗೆ ತಿಳಿಸತಕ್ಕದ್ದು. ಖಾಸಗಿಯವರು ಪ್ರಾಚೀನ ವಸ್ತುಗಳನ್ನು ವಿದೇಶಕ್ಕೆ ಕಳುಹಿಸುವುದು ಅಪರಾಧ.

ನೆಲದಲ್ಲಿ ಹುದುಗಿದ್ದು ಸಿಕ್ಕ ನಾಣ್ಯದ ಗಡಿಗೆ, ಆಭರಣ, ಲೋಹದ ವಿಗ್ರಹಗಳ ಸಂಗತಿ ಬೇರೆ. ಇವುಗಳಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ. ದೊರೆತವರು ಜಿಲ್ಲಾಧಿಕಾರಿಯವರಿಗೆ ತಿಳಿಸುವುದು ಕಡ್ಡಾಯ. ಸ್ವಂತ ಹೊಲದಲ್ಲಿ ಸಿಕ್ಕರೂ ಈ ನಿಯಮದಿಂದ ವಿನಾಯಿತಿಯಿಲ್ಲ. ಮನೆಯ ಪಾಯ ತೋಡುವಾಗ ಸಿಕ್ಕಿದ್ದನ್ನು ನೇರವಾಗಿ ಊರಿನ ಸಂಗ್ರಹಾಲಯಕ್ಕೆ ಕೊಟ್ಟರೆ ಕೊಟ್ಟವರೂ ಪಡೆದವರೂ ತೊಂದರೆಗೊಳಗಾಗುತ್ತಾರೆ. ಸಂಗ್ರಹಾಲಯದವರು ಸ್ವತಃ ಅಗೆತ ಕೈಗೊಳ್ಳುವಂತಿಲ್ಲ.

ಸಂಗ್ರಹಾಲಯಕ್ಕೆ ಹೊಸ ಕೊಠಡಿ ಕಟ್ಟಲು ದೇವಾಲಯದ ಪಕ್ಕದ ನಿವೇಶನವೇ ಅನುಕೂಲವೆನಿಸುವುದು ಸಾಮಾನ್ಯ. ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧವೆಂದೂ, ಅದರಾಚೆಯ 200 ಮೀಟರ್‌ನಲ್ಲಿ ಪೂರ್ವಾನುಮತಿ ಅಗತ್ಯವೆಂದೂ 2010ರ ತಿದ್ದುಪಡಿಯು ವಿಧಿಸಿರುವುದನ್ನು ಅರ್ಜಿದಾರರು ಗಮನಿಸಬೇಕು.

ಸಂಘದ ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ ಏಳು ಜನರು ಸೇರಿ ಸಂಘವನ್ನು ನೋಂದಾಯಿಸಬಹುದು. ಅರ್ಜಿಯನ್ನು ಧ್ಯೇಯೋದ್ದೇಶಗಳ ಜ್ಞಾಪನಾಪತ್ರ ಹಾಗೂ ನಿಯಮಾವಳಿಗಳೊಂದಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯವರಿಗೆ ಸಲ್ಲಿಸತಕ್ಕದ್ದು. ಸಂಘವು ವಿಸರ್ಜನೆಯಾದಲ್ಲಿ ಸಂಗ್ರಹವು ಯಾವ ಸಂಸ್ಥೆಗೆ ಸೇರಬೇಕೆಂಬುದನ್ನು ನಿಯಮಾವಳಿಯಲ್ಲಿಯೇ ಬರೆದಿಡುವುದು ಅತ್ಯವಶ್ಯ.

ಸ್ವಯಂಸೇವೆಯಿಂದ ನಡೆಯುವ ಸಂಗ್ರಹಾಲಯಗಳಿಗೆ ಹಣದ ಕೊರತೆಗಿಂತಲೂ ಹೆಚ್ಚಿನ ಅಪಾಯ ಉತ್ತರಾಧಿಕಾರದ ಕೊರತೆ. ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ಗುಂಡಾ ಜೋಯಿಸರು 1960ರ ದಶಕದ ಆರಂಭದಿಂದ ತಾಳೆಗರಿ, ಕಡತ ಮತ್ತು ಕೆಳದಿ ಅರಸರ ಕಾಲದ ವಸ್ತುಗಳನ್ನು ಕೂಡಿಸಿ ಬೆಳೆಸಿದ ಸಂಗ್ರಹಾಲಯವು ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು 1995ರಲ್ಲಿ ಆರಂಭಿಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ತುಳುನಾಡಿನ ದಿನಬಳಕೆಯ ವಸ್ತುಗಳ ಸಂಗ್ರಹವನ್ನು ಗ್ರಂಥಾಲಯದೊಂದಿಗೆ ಜೋಡಿಸಿದೆ. ಒಬ್ಬರ ಆಸಕ್ತಿಯಿಂದ ಹುಟ್ಟಿದ್ದು ಸಂಸ್ಥೆಯಾಗಿ ಉಳಿಯುವ ಎರಡು ದಾರಿಗಳಿವು.

ಹಳೆಯ ದಾಖಲೆಗಳು ದೊರೆಯುವ ಸ್ಥಳಗಳು

ಈ ತಾಲ್ಲೂಕುಗಳ ಆಡಳಿತ ಪದೇ ಪದೇ ಕೈಬದಲಾಗಿದೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ದತ್ತ ಮಂಡಲವಾಗಿ ಬಂದ ಈ ಸೀಮೆಯು ಮದ್ರಾಸ್ ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳಿಕ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಆದಕಾರಣ ಒಂದೇ ಊರಿನ ಕಾಗದಗಳನ್ನು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ, ಬಳ್ಳಾರಿಯಲ್ಲಿ, ದಾವಣಗೆರೆಯಲ್ಲಿ ಮತ್ತು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹುಡುಕಬೇಕಾಗಬಹುದು. ನಕಲು ಕೋರುವ ಅರ್ಜಿಯಲ್ಲಿ ಆಯಾ ಕಾಲದ ಜಿಲ್ಲೆ ಮತ್ತು ತಾಲ್ಲೂಕಿನ ಹೆಸರನ್ನೇ ಬರೆಯುವುದರಿಂದ ವಿಳಂಬ ತಪ್ಪುತ್ತದೆ.

ಶಾಸನಗಳಿಗಾಗಿ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟ ಹಾಗೂ ಹಂಪಿ ಕನ್ನಡ ವಿಶ್ವವಿದ್ಯಾಲಯದ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟವನ್ನು ನೋಡಬಹುದು. ತಮ್ಮೂರಿನ ಶಾಸನ ಈಗಾಗಲೇ ಪ್ರಕಟವಾಗಿದ್ದರೆ ಅದರ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ ತೂಗುಹಾಕುವುದು ಕಡಿಮೆ ಖರ್ಚಿನ ಉತ್ತಮ ಪ್ರದರ್ಶನ.

ಮುಳುಗಡೆ ಗ್ರಾಮಗಳು

ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಹೊಸಪೇಟೆ, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ಭಾಗದ ಅನೇಕ ಗ್ರಾಮಗಳು ಮುಳುಗಡೆಯಾದವು. ನಾರಾಯಣದೇವರಕೆರೆಯ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದಂತೆ, ಹಲವು ಊರುಗಳು ಹೊಸ ಜಾಗದಲ್ಲಿ ಮತ್ತೆ ಕಟ್ಟಿಕೊಂಡವು. ಈ ಊರುಗಳ ಮಟ್ಟಿಗೆ ಸಂಗ್ರಹಾಲಯವೆಂದರೆ ಬಹುಮಟ್ಟಿಗೆ ಕಾಗದ ಮತ್ತು ಧ್ವನಿ: ಪರಿಹಾರದ ಆದೇಶ, ಹಳೆಯ ಮನೆಯ ಪತ್ರ, ಮದುವೆಯ ಛಾಯಾಚಿತ್ರ, ಬೀದಿ ಮತ್ತು ಬಾವಿಗಳ ಹೆಸರು. ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಬೇರೆಲ್ಲ ಕೆಲಸಕ್ಕೂ ಮೊದಲು ಇವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು, ಹಳೆಯ ಊರಿನ ನಕ್ಷೆಯನ್ನು ಅವರ ಮುಂದೆಯೇ ಬರೆದು ತಿದ್ದಿಸಿಕೊಳ್ಳುವುದು ಸೂಕ್ತ. ಹೇಳಿದವರ ಹೆಸರು, ವಯಸ್ಸು, ಮುದ್ರಿಸಿದ ದಿನಾಂಕ ಮತ್ತು ಬಳಕೆಗೆ ಅವರ ಒಪ್ಪಿಗೆಯನ್ನು ವಹಿಯಲ್ಲಿ ನಮೂದಿಸತಕ್ಕದ್ದು.

ರಕ್ಷಣೆಯ ಬಗ್ಗೆ

ತಾಮ್ರಪಟ ಮತ್ತು ನಾಣ್ಯಗಳನ್ನು ಹುಣಸೆಹಣ್ಣು ಅಥವಾ ನಿಂಬೆರಸ ಹಾಕಿ ತಿಕ್ಕಬಾರದು, ಅಕ್ಷರ ಸವೆಯುತ್ತದೆ. ಶಾಸನಕ್ಕೆ ಎಣ್ಣೆ, ಸುಣ್ಣ ಅಥವಾ ಬಣ್ಣ ಬಳಿಯಬಾರದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಛಾಯಾಚಿತ್ರ ತೆಗೆದರೆ ಬಣ್ಣವಿಲ್ಲದೆಯೇ ಅಕ್ಷರ ಎದ್ದು ಕಾಣುತ್ತದೆ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಹಾನಿಕರ. ತಾಳೆಗರಿಯ ಕಟ್ಟುಗಳನ್ನು ಬಲವಂತವಾಗಿ ಬಿಡಿಸದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟು, ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗದ ಸಲಹೆ ಪಡೆಯಬಹುದು. ದಾಖಲು ವಹಿಯ ಒಂದು ಪ್ರತಿಯನ್ನು ಸಂಗ್ರಹಾಲಯದ ಕಟ್ಟಡದಿಂದ ಹೊರಗೆ, ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಅಥವಾ ಶಾಲೆಯಲ್ಲಿ ಇರಿಸುವುದು. ಕಳವು ಸಂಭವಿಸಿದಲ್ಲಿ ಪೊಲೀಸ್ ಠಾಣೆಗೆ ನೀಡುವ ದೂರಿನೊಂದಿಗೆ ವಹಿಯ ಆ ಪುಟದ ನಕಲನ್ನೂ ವಸ್ತುವಿನ ಛಾಯಾಚಿತ್ರವನ್ನೂ ಲಗತ್ತಿಸತಕ್ಕದ್ದು.