ಮುದ್ದೆಯನ್ನು ಕಂಡವರು, ಸಾರನ್ನು ಕಾಣದವರು

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ‘ಹಿಟ್ಟು’ ಎಂದರೆ ಬೀಸಿದ ಪುಡಿ ಮಾತ್ರವಲ್ಲ, ರಾಗಿ ಮುದ್ದೆ. ‘ಹಿಟ್ಟುಂಡ್ರಾ?’ ಎಂದು ಕೇಳಿದರೆ ಊಟವಾಯಿತೇ ಎಂದರ್ಥ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟಾನೆಂಬ ಗಾದೆಯೂ ಈ ಕಡೆ ಬಳಕೆಯಲ್ಲಿದೆ. ಒಂದು ಸೀಮೆಯ ಜನ ತಮ್ಮ ಊಟಕ್ಕೂ ತಮ್ಮ ಧಾನ್ಯಕ್ಕೂ ಒಂದೇ ಹೆಸರಿಟ್ಟು ಬದುಕಿದ್ದಾರೆಂದರೆ ಅದು ಅವರಿಗೆ ಎಷ್ಟು ಹತ್ತಿರದ್ದು ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಹೊರಗಿನಿಂದ ಬಂದವರಿಗೆ ಅದೇ ಮುದ್ದೆ ಬಹುಕಾಲ ಒಂದು ಒಗಟಾಗಿಯೇ ಉಳಿಯಿತು. ಅನ್ನದಂತೆ ಕಲಸುವಂತಿಲ್ಲ, ರೊಟ್ಟಿಯಂತೆ ಅಗಿಯುವಂತಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಲ್ಲಿಗೆ ಸೋಕದಂತೆ ನುಂಗಬೇಕು. ಇದೆಂಥ ಊಟ ಎಂದು ಹುಬ್ಬೇರಿಸಿದವರೇ ಹೆಚ್ಚು.

ಈ ಹುಬ್ಬೇರಿಸುವಿಕೆಯ ಹಳೆಯ ದಾಖಲೆಯೊಂದು ನಮಗೆ ಸಿಗುವುದು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಪ್ರಭಾವದ ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ಅರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸ್ಕಾಟ್ ವೈದ್ಯನನ್ನು ಕಳುಹಿಸಿದ. 1800ರಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಶಿರಾ, ಮಧುಗಿರಿ, ಗುಬ್ಬಿಯ ಕಡೆಗೂ ಬಂದ. ಗುಬ್ಬಿಯ ವಾರದ ಸಂತೆಯ ವ್ಯಾಪಾರವನ್ನು ಬರೆದುಕೊಂಡ. ಅವನ ಬರವಣಿಗೆ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಹೊಲದ ವಿಚಾರದಲ್ಲಿ ಬುಕಾನನ್ ಕಣ್ಣು ಬಹಳ ಚುರುಕು. ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ, ಕೆಳವರ್ಗದ ಜನರ ನಿತ್ಯದ ಆಹಾರ ಅದೇ ಎಂದೂ ಅವನು ದಾಖಲಿಸಿದ್ದಾನೆ. ಬೀಸುಕಲ್ಲಿನ ಹೆಸರನ್ನು ಕೂಡ ಬಿಟ್ಟಿಲ್ಲ. ಮುದ್ದೆಯನ್ನು ಮಾತ್ರ ತನ್ನ ಓದುಗರಿಗೆ ಹೇಗೆ ತಿಳಿಸುವುದು? ‘ಒಂದು ಬಗೆಯ ಪುಡಿಂಗ್’ ಎಂದು ಹೇಳಿ ಮುಗಿಸಿದ್ದಾನೆ. ಇಂಗ್ಲಿಷಿನವನ ಊಟದ ಮೇಜಿನ ಮೇಲೆ ಇದಕ್ಕಿಂತ ಹತ್ತಿರದ ವಸ್ತು ಅವನಿಗೆ ಕಾಣಿಸಲಿಲ್ಲವೇನೋ.

ಆದರೂ ಬುಕಾನನ್ ಬರಿಯ ತಾತ್ಸಾರದ ಮನುಷ್ಯನಲ್ಲ. ದುಡಿಯುವವರಿಗೆ ರಾಗಿಯಷ್ಟು ಬಲ ಕೊಡುವ ಧಾನ್ಯ ಬೇರಿಲ್ಲವೆಂದು ಇಲ್ಲಿನವರು ನಂಬುತ್ತಾರೆ ಎಂದು ಬರೆದು, ಎಲ್ಲ ದೇಶಗಳ ಕೂಲಿಕಾರರಿಗೂ ತಾವು ತಿನ್ನುವ ಧಾನ್ಯದ ಮೇಲೆ ಇಂಥ ಅಭಿಮಾನವಿರುತ್ತದೆ ಎಂದು ಸೇರಿಸುತ್ತಾನೆ. ಸ್ಕಾಟ್ಲೆಂಡಿನವರ ಓಟ್ಸ್ ಕಂಡು ಇಂಗ್ಲಿಷರು ನಗುವ ಹಾಗೆಯೇ, ರಾಗಿ ತಿನ್ನುವ ತೆಲಂಗ ಸಿಪಾಯಿಗಳನ್ನು ಕಂಡು ಬಂಗಾಳಿಗಳು ನಗುತ್ತಾರೆ ಎನ್ನುತ್ತಾನೆ. ಓಟ್ಸ್ ಎಂಬುದು ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನ ತಿನ್ನುವ ಧಾನ್ಯವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲೇ ಚುಚ್ಚಿದ್ದ. ಆ ಚುಚ್ಚುಮಾತಿನ ನೋವು ತಿಳಿದ ಸ್ಕಾಟ್ ಒಬ್ಬ ರಾಗಿಯ ಮುಂದೆ ನಿಂತಾಗ ಒಂದು ಕ್ಷಣ ನಮ್ಮವನಾಗುತ್ತಾನೆ.

ಕುದುರೆಯ ಮಾತು ಬಂದಿತು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದದ್ದು. ಕುದುರೆಗೆ ಬೇಯಿಸಿ ಹಾಕುವ ಕಾಳೆಂದು ಇಂಗ್ಲಿಷರು ಹುರುಳಿಗೆ ‘ಹಾರ್ಸ್ ಗ್ರಾಂ’ ಎಂದೇ ಹೆಸರಿಟ್ಟರು. ಇದೇ ಹುರುಳಿಯ ಕಟ್ಟಿನಿಂದ ಮಾಡಿದ ಸಾರು ಆ ಸುತ್ತಿನ ಹಳ್ಳಿಗಳಲ್ಲಿ ಮುದ್ದೆಗೆ ಒಪ್ಪುವ ಜೋಡಿ. ಮಾರನೆಯ ದಿನ ಕುದಿಸಿದರೆ ಅದಕ್ಕೆ ಇನ್ನಷ್ಟು ರುಚಿ. ಲಾಯದ ಬಾಗಿಲಲ್ಲಿ ನಿಂತು ನೋಡಿದವರಿಗೆ ಅದು ಮೇವು, ಒಲೆಯ ಮುಂದೆ ಕುಳಿತವರಿಗೆ ಊಟ. ಉಳಿದುಕೊಂಡದ್ದು ಲಾಯದವರು ಇಟ್ಟ ಹೆಸರು.

ಹಾಗಾದರೆ ಈ ತಾತ್ಸಾರವನ್ನೆಲ್ಲ ಪರಂಗಿಯವರ ತಲೆಗೆ ಕಟ್ಟಬಹುದೇ? ಹಾಗೆ ಮಾಡಿದರೆ ಚರಿತ್ರೆಗೆ ಅನ್ಯಾಯವಾದೀತು. 16ನೇ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿದ್ದು ಸುಮ್ಮನೆ ಅಲ್ಲ. ಭತ್ತದ ಗರ್ವ, ರಾಗಿಯ ಸ್ವಾಭಿಮಾನ, ಕೊನೆಗೆ ಶ್ರೀರಾಮ ರಾಗಿಯ ಪರವಾಗಿ ಕೊಡುವ ತೀರ್ಪು ಇವೆಲ್ಲ ಆಗಿನ ಸಮಾಜದ ಮೇಲು ಕೀಳುಗಳನ್ನೇ ಕುರಿತವು. ಕುಣಿಗಲ್ ದೊಡ್ಡಕೆರೆಯ ಕೆಳಗಿನ ಗದ್ದೆಗೂ ಕೆರೆಯ ನೀರು ಹತ್ತದ ಬೆದ್ದಲಿಗೂ ಇದ್ದ ಅಂತರ ಊಟದ ಎಲೆಯ ಮೇಲೂ ಇತ್ತು. ಅನ್ನ ಹಬ್ಬಕ್ಕೆ, ನೆಂಟರಿಗೆ; ಹಿಟ್ಟು ದಿನದ ದುಡಿಮೆಗೆ. ಹೊರಗಿನವರು ಬರುವ ಮೊದಲೇ ರಾಗಿಯನ್ನು ಕೆಳಗಿನ ಪಂಕ್ತಿಯಲ್ಲಿ ಕೂರಿಸಿದವರು ನಾವೇ. ಬುಕಾನನ್ ಕಂಡದ್ದು ಆ ಪಂಕ್ತಿಯನ್ನು.

ಅವನು ಕಂಡೂ ಕಾಣದೆ ಹೋದದ್ದು ಇನ್ನೊಂದಿದೆ. ರಾಗಿಯ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಮುಂತಾದವನ್ನು ಬಿತ್ತುವ ಪದ್ಧತಿಯನ್ನು ಅವನು ಗುರುತಿಸಿದ್ದಾನೆ. ಈ ಜೊತೆ ಬೇಸಾಯ ಹೊಲದಲ್ಲಿ ಮುಗಿಯುವುದಿಲ್ಲ, ಅಡುಗೆಮನೆಯವರೆಗೂ ಬರುತ್ತದೆ. ಅವರೆಯಿಂದ ಕಾಳು ಸಾರು, ಹಿತಕಿದ ಬೇಳೆ; ತೊಗರಿ ಮತ್ತು ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು, ಬಸಿದುಳಿದ ಸೊಪ್ಪಿನಿಂದ ಪಲ್ಯ; ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪಿನಿಂದ ಮಸ್ಸೊಪ್ಪು, ಉಪ್ಪೆಸರು. ಮುದ್ದೆಗೆ ಸ್ವಂತ ರುಚಿ ಕಡಮೆ ಎನ್ನುವುದು ನಿಜ. ಅದು ಇರುವುದೇ ಸಾರಿನ ರುಚಿಯನ್ನು ಹೊರುವುದಕ್ಕೆ. ಸಾರಿಲ್ಲದೆ ಮುದ್ದೆಯನ್ನು ಅಳೆಯುವುದು ಎತ್ತಿಲ್ಲದೆ ಗಾಡಿಯನ್ನು ಅಳೆದಂತೆ.

ಮುದ್ದೆ ತೊಳಸುವುದೂ ಸಾಮಾನ್ಯ ವಿದ್ಯೆಯಲ್ಲ. ಎಸರು ಕುದಿಯುವ ಹದ, ಹಿಟ್ಟು ಸುರಿಯುವ ಹೊತ್ತು, ಬೇಯಲು ಬಿಡುವ ಸಮಯ, ಗಂಟು ಕಟ್ಟದಂತೆ ಕೋಲಾಡಿಸುವ ತೋಳಿನ ಬಲ ಇವುಗಳಲ್ಲಿ ಒಂದು ತಪ್ಪಿದರೂ ಊಟ ಕೆಟ್ಟಿತು. ಈ ವಿದ್ಯೆ ಇದ್ದದ್ದು ಹೆಂಗಸರ ಕೈಯಲ್ಲಿ. ಕಂದಾಯದ ಲೆಕ್ಕಕ್ಕೆ ಬಂದವರು ಗೌಡರನ್ನು, ಶಾನುಭೋಗರನ್ನು, ವ್ಯಾಪಾರಿಗಳನ್ನು ಮಾತನಾಡಿಸಿದರು. ಹಾಗಾಗಿ ಧಾನ್ಯದ ಲೆಕ್ಕ ಪುಟಗಟ್ಟಲೆ ಬಂತು, ಅಡುಗೆಗೆ ಒಂದೆರಡು ಸಾಲು ಸಾಕಾಯಿತು.

ಇದು ನಮ್ಮ ಮುದ್ದೆಗೆ ಮಾತ್ರ ಬಂದ ಗತಿಯಲ್ಲ. ಬೇಯಿಸಿದ ಆಲೂಗೆಡ್ಡೆಯನ್ನು ಸೊಪ್ಪು ತರಕಾರಿಗಳೊಂದಿಗೆ ಹಿಸುಕಿ ಮಾಡುವ ಹಾಲೆಂಡಿನ ಮನೆಯಡುಗೆ ‘ಸ್ಟಾಂಪೊಟ್’ ಕೂಡ ಪರದೇಶದವರ ಬಾಯಲ್ಲಿ ಸಪ್ಪೆ ಊಟವೆಂದೇ ಹೆಸರಾಗಿದೆ. ಅದೇ ಜಾತಿಯ ‘ಹುಟ್ಸ್‌ಪೊಟ್’ ಅನ್ನು ಲೈಡನ್ ನಗರದವರು 1574ರಲ್ಲಿ ಸ್ಪೇನಿನ ಮುತ್ತಿಗೆ ತೆರವಾದ ನೆನಪಿಗೆ ಇಂದಿಗೂ ಅಕ್ಟೋಬರ್ 3ರಂದು ಉಣ್ಣುತ್ತಾರೆ. ತಟ್ಟೆಯಲ್ಲಿರುವುದು ಹಿಸುಕಿದ ಗೆಡ್ಡೆಯಾದರೂ ಹಸಿವು ನೀಗಿದ ದಿನದ ನೆನಪು ಅದರೊಡನೆ ಬರುತ್ತದೆ. ನಮ್ಮ ಸೀಮೆಗೂ ಅಂಥ ನೆನಪಿದೆ. 1876-78ರ ಭೀಕರ ಕ್ಷಾಮದ ನಂತರ, 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ಹುಳು ಹಿಡಿಯದೆ ವರ್ಷಗಟ್ಟಲೆ ಹಗೇವಿನಲ್ಲಿ ಉಳಿಯುವ ರಾಗಿಯ ಬೆಲೆ ಏನೆಂದು ಬರಗಾಲ ಕಂಡ ಸೀಮೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪರದೇಶದವರೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದು ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿಯೇ ರಾಗಿಯ ತಳಿ ಸುಧಾರಣೆ ಆರಂಭವಾಯಿತು. ರಾಗಿಯ ಮೂಲವೂ ಹೊರನಾಡೇ: ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳಿಂದ ಅದು ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಮಂಡ್ಯದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿಗಳನ್ನು ಸೃಷ್ಟಿಸಿದಾಗ ಹಳೆಯ ನೆಂಟಸ್ತಿಕೆಯೇ ಮತ್ತೆ ಕೂಡಿ ಬಂದಿತು. ಉಗಾಂಡದ ಪಶ್ಚಿಮ ಭಾಗದಲ್ಲಿ ರಾಗಿ ಹಿಟ್ಟನ್ನು ಗಟ್ಟಿಯಾಗಿ ತೊಳಸಿ, ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಅದರ ಹೆಸರು ‘ಕಾಲೊ’. ಆ ಸೀಮೆಯವನೊಬ್ಬ ಗುಬ್ಬಿಯ ಹಳ್ಳಿಯ ಪಂಕ್ತಿಯಲ್ಲಿ ಕುಳಿತರೆ ಹೇಗೆ ಉಣ್ಣಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಈಗ ಗಾಳಿ ತಿರುಗಿದೆ. ಬಹುಕಾಲ ‘ಒರಟು ಧಾನ್ಯ’ ಎನಿಸಿಕೊಂಡ ರಾಗಿ, ಜೋಳ, ಸಜ್ಜೆಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಪೌಷ್ಟಿಕ ಧಾನ್ಯಗಳೆಂದು ಕರೆಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಇಲ್ಲ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಸಂತೋಷವೇ. ಆದರೆ ಈ ಹೊಗಳಿಕೆಯಲ್ಲೂ ಹಳೆಯ ದೋಷ ಅಡಗಿದೆ. ಅಂದು ತೆಗಳಿದವರೂ ಇಂದು ಹೊಗಳುವವರೂ ನೋಡುತ್ತಿರುವುದು ಧಾನ್ಯವನ್ನು. ರಾಗಿ ಬಿಸ್ಕತ್ತು, ರಾಗಿ ಮಾಲ್ಟ್ ಅಂಗಡಿಗೆ ಬಂದಿವೆ. ಬೆರಕೆ ಸೊಪ್ಪಿನ ಗಿಡಗಳನ್ನು ಹೆಸರು ಹಿಡಿದು ಗುರುತಿಸಬಲ್ಲವರು ಮಾತ್ರ ಕಡಮೆಯಾಗುತ್ತಿದ್ದಾರೆ. ಅಕ್ಕಡಿ ಸಾಲು ಬಿಟ್ಟ ಹೊಲದಲ್ಲಿ ರಾಗಿ ಬೆಳೆದೀತು, ಅದರ ಸಾರು ಬೆಳೆಯದು.

ಹೊರಗಿನವರಿಗೆ ತುಮಕೂರೆಂದರೆ ಹೆದ್ದಾರಿಯ ಪಕ್ಕದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅದು ರುಚಿಯಾದದ್ದೇ, ಆದರೆ ಹೋಟೆಲಿನದು. ಮನೆಯ ಊಟ ತಿಳಿಯಬೇಕಾದರೆ ಮನೆಯವರು ಬಡಿಸಬೇಕು. ಬಂದ ನೆಂಟರಿಗೆ ಅನ್ನವನ್ನೇ ಇಟ್ಟು, ಹಿಟ್ಟನ್ನು ಒಳಗೆ ನಾವು ನಾವೇ ಉಣ್ಣುವ ಸಂಕೋಚ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಬುಕಾನನ್‌ನಂಥ ಕುತೂಹಲಿಯೊಬ್ಬ ಇಂದು ಮತ್ತೆ ಬಂದರೆ ಅವನ ಮುಂದೆ ಒಂದು ಬಿಸಿ ಮುದ್ದೆ, ಬಟ್ಟಲ ತುಂಬ ಬಸ್ಸಾರು ಎರಡನ್ನೂ ಇಡಬೇಕು. ಆಮೇಲೆ ಅವನು ಏನು ಬೇಕಾದರೂ ಬರೆದುಕೊಳ್ಳಲಿ.